ಐರ್ಲೆಂಡಿಗೆ ಮೂರು ವಿಸಿಲ್

ನೈಟ್ರೋಜನ್ ಬಹಳ ಸಾಧು ಅನಿಲ. ಯಾರ ತಂಟೆಗೂ ಹೋಗುವುದಿಲ್ಲ, ಯಾರೊಂದಿಗೂ ಸುಲಭಕ್ಕೆ ಬೆರೆಯುವುದಿಲ್ಲ, ಬೆಂಕಿ ಹಚ್ಚಿದರೂ ಉರಿಯುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ, ಮಕ್ಕಳು ಇದನ್ನೇ ಬರೆದು ಪಾಸಾಗುತ್ತ ಬಂದಿದ್ದಾರೆ. ಇಂಥ ಸಾಧುಪ್ರಾಣಿಯನ್ನು ಶೆಟ್ಟಿಹಳ್ಳಿಯ ನನ್ನ ಮನೆಗೆ ಕರೆತಂದು, ಒಂದು ಪಾತ್ರೆಯೊಳಗೆ ತುಂಬಿ, ಅದರ ಒತ್ತಡದಿಂದ ನಾಲ್ಕು ಲೋಟ ಕಪ್ಪು ಬಿಯರ್ ಸುರಿಸಿಕೊಳ್ಳುವುದರಲ್ಲಿ ಏನು ಮಹಾ ಅಪಾಯವಿದ್ದೀತು? ನೈಟ್ರೋಜನ್ ಯಾವುದರೊಂದಿಗೂ ಪ್ರತಿಕ್ರಿಯಿಸುವುದಿಲ್ಲ ಎಂಬುದು ನಿಜ. ನನ್ನ ಹೆಂಡತಿ ಪ್ರತಿಕ್ರಿಯಿಸುತ್ತಾಳೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ!

ಇಷ್ಟಕ್ಕೆಲ್ಲ ಮೂಲ ಕಾರಣ ನನ್ನ ಷಡ್ಡಕ ನಂಜುಂಡಪ್ಪನವರು. ನನ್ನ ಹೆಂಡತಿ ಗಿರಿಜೆಯ ಅಕ್ಕ ಸುಮಿತ್ರಕ್ಕನ ಯಜಮಾನರು. ಕುಣಿಗಲ್‌ನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮೂಟೆಗಳನ್ನು ಚೆನ್ನಾಗಿ ಮಾರಿದರೆಂದು ಮೆಚ್ಚಿ ಯಾವುದೋ ಕಂಪನಿಯವರು ಗಂಡಹೆಂಡತಿ ಇಬ್ಬರನ್ನೂ ಎಂಟು ದಿನ ಫಾರಿನ್ ಟೂರಿಗೆ ಕರೆದುಕೊಂಡು ಹೋದರು. ಎಂಟು ದಿನದಲ್ಲಿ ಒಂದು ಸಂಜೆ ಐರ್ಲೆಂಡ್. ಆ ಸಂಜೆ ಒಂದು ಗ್ಲಾಸು ಸ್ಟೌಟ್, ಅಂದರೆ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಗಿರುವ ಬಿಯರು. ಕುಡಿದದ್ದು ಒಂದು ಗ್ಲಾಸು. ಹೇಳಿದ್ದು ಮೂರು ವರ್ಷ!

ನಾಮಕರಣದಲ್ಲಿ ಹೇಳಿದರು. ಸೀಮಂತದಲ್ಲಿ ಹೇಳಿದರು. ಮಾವನವರ ತಮ್ಮ ತೀರಿಕೊಂಡಾಗ ಚೇಳೂರಿನಲ್ಲಿ ನಡೆದ ಶಿವಗಣಾರಾಧನೆಯಲ್ಲಿ, ಹಣೆ ತುಂಬ ವಿಭೂತಿ ಧರಿಸಿ, ಎಲೆ ಮುಂದೆ ಕೂತು, ದುಃಖದ ಧ್ವನಿಯಲ್ಲೇ ಹೇಳಿದರು. ಅಕ್ಕಪಕ್ಕ ಹಿರಿಯರು ಕೂತಿದ್ದರೆ ಮಾತ್ರ ಅದನ್ನು ‘ಪಾನಕ’ ಎನ್ನುತ್ತಿದ್ದರು. ಅಷ್ಟು ಸಂಸ್ಕಾರ ಇತ್ತು.

“ಏನ್ ಪಾನಕ ಮೇಷ್ಟ್ರೇ ಅದು! ಎಲ್ಲಾ ಕಡೆ ಗುಳ್ಳೆ ಮೇಲಕ್ ಬತ್ತವೆ, ಅಲ್ಲಿ ಕೆಳೀಕ್ ಹೋಯ್ತವೆ! ನೊರೆ ಅಂದ್ರೆ ಎಮ್ಮೆ ಹಾಲಿನ್ ಕೆನೆ ಇದ್ದಂಗೆ. ನಮ್ ಕಡೇರ ಕೈಲಿ ಏಳು ಜನ್ಮ ಎತ್ತಿದ್ರೂ ಆಗಲ್ಲ ಬುಡಿ.”

ಮೂರು ವರ್ಷ ನಾನು ಸಹಿಸಿದೆ. ಕೊನೆಗೆ ಗುಬ್ಬಿಯಲ್ಲಿ ಒಬ್ಬ ನೆಂಟರ ಗೃಹಪ್ರವೇಶದಲ್ಲಿ, ಎರಡನೇ ಹೋಳಿಗೆಯ ಮೇಲೆ ತುಪ್ಪ ಬಿದ್ದ ಗಳಿಗೆಯಲ್ಲಿ, ಅವರು ನಲವತ್ತನೆಯ ಸಲವೋ ಐವತ್ತನೆಯ ಸಲವೋ “ಗುಳ್ಳೆ ಕೆಳೀಕ್...” ಎಂದು ಶುರುಮಾಡಿದರು. ತುಪ್ಪದ ಧೈರ್ಯವಿರಬೇಕು, ನಾನು ಬಾಯಿ ಹಾಕಿಬಿಟ್ಟೆ.

“ಅದೇನು ದೇವಲೋಕದ ವಿದ್ಯೆ ಅಲ್ಲ ನಂಜುಂಡಣ್ಣ. ಬರೀ ನೈಟ್ರೋಜನ್. ಗುಳ್ಳೆ ಸಣ್ಣದು, ಅದಕ್ಕೇ ನೊರೆ ದಪ್ಪ. ಮನೇಲೇ ಮಾಡ್ಬೋದು.”

“ನೈಟ್ರೋಜನ್ ಅಂದ್ರೆ ಯೂರಿಯಾ ಅಲ್ವಾ? ನಮ್ ಗೋಡೌನ್ ತುಂಬಾ ಬಿದ್ದೈತೆ. ಎರಡು ಮೂಟೆ ಕಳುಸ್ಲಾ ಮೇಷ್ಟ್ರೇ?”

ಇಡೀ ಪಂಕ್ತಿ ನಕ್ಕಿತು. ಬಡಿಸುವವರೂ ನಕ್ಕರು. ಇನ್ನು ಸುಮ್ಮನಿದ್ದರೆ ರಸಾಯನಶಾಸ್ತ್ರಕ್ಕೇ ಅವಮಾನ! ಪಂದ್ಯ ಅಲ್ಲೇ ಕುದುರಿತು. ನಂಜುಂಡಪ್ಪನವರು ಕೋಸಂಬರಿಯ ಕೈಯನ್ನೇ ಮೇಲೆತ್ತಿ ಘೋಷಿಸಿದರು. “ನಿಮ್ಮನೇಲಿ ಅಂಥಾ ನೊರೆ ಬರ್ಸಿ ತೋರ್ಸಿ. ಅದ್ರ ಮೇಲೆ ಹುರ್ದಿರೋ ಕಡ್ಲೇಬೀಜದ್ ಒಂದ್ ಬೇಳೆ ಮುಳುಗ್ದಂಗೆ ನಿಲ್ಬೇಕು. ನಿಂತ್ರೆ ನಾನು ಈ ಜನ್ಮದಲ್ಲಿ ಐರ್ಲೆಂಡ್ ಸುದ್ದಿ ಎತ್ತಲ್ಲ. ನಿಲ್ಲಿಲ್ಲ ಅಂದ್ರೆ ನಾನ್ ಹೇಳ್ದಾಗೆಲ್ಲ ನೀವು ಪಕ್ಕದಲ್ ಕೂತ್ಕೊಂಡು ‘ಹೌದೌದು’ ಅನ್ಬೇಕು!”

ಕಾರಿನಲ್ಲಿ ವಾಪಸು ಬರುವಾಗ ಗಿರಿಜೆ ಬೈಯುತ್ತಾಳೆಂದು ಕಾದೆ. ಮಲ್ಲಸಂದ್ರ ದಾಟಿದ ಮೇಲೆ ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು.

“ಮಾಡಿ. ಅಕ್ಕ ಆ ಊರಿಂದ ತಂದಿರೋ ಫ್ರಿಜ್ ಮ್ಯಾಗ್ನೆಟ್ಟನ್ನ ಮೂರು ವರ್ಷದಿಂದ ಮನೆಗೆ ಬಂದೋರಿಗೆಲ್ಲ ತೋರಿಸ್ತಾಳೆ. ‘ಅಲ್ಲೀದು’ ಅಂತಾಳೆ. ನಾನೂ ನೋಡ್ತಾನೇ ಇದೀನಿ. ಮಾಡಿ. ಆದ್ರೆ ಅವಳ ಮುಂದೆ ನನ್ನ ಮಾನ ಮಾತ್ರ ಕಳೀಬೇಡಿ.”

ಹೀಗೆ ಈ ಮಹಾಕಾರ್ಯಕ್ಕೆ ಗೃಹ ಖಾತೆಯ ಅನುಮೋದನೆ ದೊರೆಯಿತು. ಮನೆಯಲ್ಲಿ ಇಂಥದ್ದನ್ನು ಮಾಡಲು ಸರ್ಕಾರದ ಅನುಮತಿಯೂ ಬೇಕೋ ಏನೋ, ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗಿಬಿಡುವ ಅಪಾಯವಿತ್ತು.

ಸ್ಟೌಟ್ ಮಾಡುವುದು ಕಷ್ಟವೇನಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ಈಸ್ಟು, ಎಲ್ಲವೂ ಆನ್‌ಲೈನಿನಲ್ಲಿ ಬಂದವು. ಕಪ್ಪು ಬಣ್ಣಕ್ಕೆ ನಮ್ಮ ರಾಗಿಯೇ ಇರಲಿ ಎಂಬ ಸ್ವಾಭಿಮಾನದಿಂದ, ಮೊಳಕೆ ಕಟ್ಟಿದ ಎರಡು ಸೇರು ರಾಗಿಯನ್ನು ಬಾಣಲೆಯಲ್ಲಿ ಇದ್ದಿಲಾಗುವವರೆಗೂ ಹುರಿದೆ. ಹೊಗೆ ಕಿಟಕಿಯಿಂದ ಹೊರಟು ಪಕ್ಕದ ಮನೆ ಸರೋಜಮ್ಮನವರ ಒಣಹಾಕಿದ ಸೀರೆಗಳ ಮೇಲೆ ಹಾಯಿತು. ಅವರು ಓಡಿಬಂದರು.

“ಅಯ್ಯೋ, ಏನೋ ಸೀದೋಯ್ತಾ ಇದೆ ಕಣ್ರೀ!”

“ಇಲ್ಲ ಸರೋಜಮ್ಮ, ಸೀಯಿಸ್ತಾ ಇದೀವಿ” ಎಂದೆ.

ಅವರು ಗಿರಿಜೆಯ ಮುಖ ನೋಡಿದರು. ಗಿರಿಜೆ ಸೂರು ನೋಡಿದಳು.

ಎರಡು ವಾರ ಆ ಕಷಾಯ ಮೆಟ್ಟಿಲ ಕೆಳಗೆ ನೀರಿನ ಕ್ಯಾನಿನಲ್ಲಿ ಕೂತು ಬ್ಲುಪ್ ಬ್ಲುಪ್ ಎಂದು ಹುಳಿಯಿತು. ರುಚಿ ನೋಡಿದೆ. ನನ್ನಾಣೆಗೂ ಚೆನ್ನಾಗಿತ್ತು! ಇಡೀ ಕತೆಯಲ್ಲಿ ಸರಿಯಾಗಿ ಆದದ್ದು ಅದೊಂದೇ, ಅದನ್ನಾದರೂ ದಯವಿಟ್ಟು ನೆನಪಿಡಿ.

ಮುಂದಿನದು ಕೆಗ್. ಬಿಯರನ್ನು ಗ್ಯಾಸಿನ ಒತ್ತಡದಲ್ಲಿಟ್ಟು ನಲ್ಲಿಯಿಂದ ಸುರಿಸುವ ಉಕ್ಕಿನ ಪಾತ್ರೆಗೆ ಕೆಗ್ ಎನ್ನುತ್ತಾರೆ. ಗಟ್ಟಿ ಪಾತ್ರೆ, ಬಿಗಿ ಮುಚ್ಚಳ, ನಡುವೆ ರಬ್ಬರು, ಮೇಲೆ ಒಂದು ವಾಲ್ವು. ಈ ವಿವರಣೆಯನ್ನು ಓದಿದ ಯಾವ ಕನ್ನಡಿಗನಿಗೆ ಕುಕ್ಕರ್ ನೆನಪಾಗುವುದಿಲ್ಲ ಹೇಳಿ! ನಮ್ಮ ಅಟ್ಟದ ಮೇಲೆ ಇಪ್ಪತ್ತು ಲೀಟರಿನ ಕುಕ್ಕರೊಂದಿತ್ತು. ಅದು ಗಿರಿಜೆಯ ತಾಯಿ ನಮ್ಮ ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟದ್ದು. ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಗಿರಿಜೆ ವರ್ಷಕ್ಕೆ ಎರಡೋ ಮೂರೋ ಸಲ ಅದನ್ನು ಇಳಿಸಿ, ಬಳಸಿ, ತಿಕ್ಕಿ ಬೆಳಗಿ, ಹಳೇ ಸೀರೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸುತ್ತಾಳೆ.

“ಅಮ್ಮನ ಕುಕ್ಕರ್ ಕಣ್ರೀ. ಒಂದು ಗೀರು ಬೀಳಬಾರ್ದು.”

“ಗೀರೇ? ಛೆ ಛೆ!” ಎಂದೆ.

ಗೀರು ಬೀಳಲಿಲ್ಲ. ತೂತು ಬಿತ್ತು.

ಮರಳೂರಿನ ವರ್ಕ್‌ಶಾಪಿನವನು ಕುಕ್ಕರಿನ ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದು ನೀರಿನ ಫಿಲ್ಟರಿನ ನಲ್ಲಿ ಕೂರಿಸಿಕೊಟ್ಟ. ಮುಚ್ಚಳದ ಸೇಫ್ಟಿ ವಾಲ್ವನ್ನು ಕಿತ್ತು ಆ ಜಾಗದಲ್ಲಿ ಟೈರಿಗೆ ಗಾಳಿ ಹೊಡೆಯುವ ವಾಲ್ವನ್ನು ಬಿಗಿದ. ಸ್ಟೌಟನ್ನು ಸಣ್ಣ ಸಣ್ಣ ರಂಧ್ರಗಳ ಮೂಲಕ ಒತ್ತಿ ಹೊರಡಿಸಿದರೆ ಮಾತ್ರ ಆ ಪ್ರಸಿದ್ಧ ನೊರೆ ಬರುತ್ತದೆ. ಆದ್ದರಿಂದ ನಮ್ಮ ಕಾಫಿ ಫಿಲ್ಟರಿನ ತೂತಿನ ತಳವನ್ನು ಕತ್ತರಿಸಿ ನಲ್ಲಿಯ ಬಾಯಿಗೆ ಬೆಸುಗೆ ಹಾಕಿಸಿದೆ. “ಸೇಫ್ಟಿ ತೆಗೀಬೋದಾ ಸಾರ್?” ಎಂದು ಅವನು ಒಮ್ಮೆ ಕೇಳಿದ. ನಾನು ಕೆಮಿಸ್ಟ್ರಿ ಮೇಷ್ಟ್ರು ಎಂದೆ. ಅವನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು!

ಇನ್ನು ಉಳಿದದ್ದು ನಮ್ಮ ಕಥಾನಾಯಕ, ನೈಟ್ರೋಜನ್. ಸಿಲಿಂಡರ್ ಮಾರುವವರಿಗೆ ಫೋನ್ ಮಾಡಿದೆ. ಕಂಪನಿ ಲೆಟರ್‌ಹೆಡ್ ಬೇಕು, ಜಿಎಸ್‌ಟಿ ನಂಬರ್ ಬೇಕು, ನಿಮ್ಮದು ಯಾವ ಇಂಡಸ್ಟ್ರಿ ಎಂದರು. “ಗೃಹ ಕೈಗಾರಿಕೆ” ಎಂದೆ. ಫೋನ್ ಇಟ್ಟರು. ಎರಡು ದಿನ ಚಿಂತೆಯಲ್ಲಿದ್ದೆ. ಮೂರನೆಯ ದಿನ ಗುಬ್ಬಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಟೈರ್ ಅಂಗಡಿಯೊಂದರ ಮುಂದೆ ಬೋರ್ಡು ಕಂಡಿತು. ‘ಇಲ್ಲಿ ನೈಟ್ರೋಜನ್ ಗಾಳಿ ಸಿಗುತ್ತದೆ.’ ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ.

ಅಂಗಡಿಯ ಬಾಬು ಮಾತುಗಾರ. “ಶುದ್ಧ ನೈಟ್ರೋಜನ್ ಸಾರ್, ವಿಮಾನದ ಟೈರಿಗೂ ಇದನ್ನೇ ಹೊಡೆಯೋದು” ಎಂದ. ತುಂಬಿಕೊಂಡು ಹೋಗಲು ಸಿಲಿಂಡರೇ ಇಲ್ಲವಲ್ಲ ಎಂದು ಯೋಚಿಸಿದವನಿಗೆ ತಟ್ಟನೆ ಹೊಳೆಯಿತು. ಕಾರಿಗೆ ಐದು ಚಕ್ರಗಳಿವೆ! ನಾಲ್ಕು ಓಡುವವು, ಒಂದು ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿ. ಐದಕ್ಕೂ ಹೊಡೆಸಿದೆ. “ಎರಡೂ ತುದಿಗೆ ನಾಜಲ್ ಇರೋ ಉದ್ದದ ಪೈಪ್ ಒಂದು ಮಾಡಿಕೊಡಪ್ಪ” ಎಂದಾಗ ಬಾಬು ತಲೆ ಕೆರೆದುಕೊಂಡ.

“ಟೈರಿಂದ ಗಾಳಿ ತೆಗ್ದು ಯಾವುದಕ್ಕೆ ಹೊಡೀತೀರ ಸಾರ್?”

“ಕಾಲೇಜಿನ ಪ್ರಯೋಗ” ಎಂದೆ. ಕುಕ್ಕರಿಗೆ ಎಂದು ಹೇಳುವ ಧೈರ್ಯ ವಿಜ್ಞಾನಿಗೂ ಇರುವುದಿಲ್ಲ.

ಶನಿವಾರ ರಿಹರ್ಸಲ್. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದ್ದ ಸ್ಟೆಪ್ನಿಯನ್ನು ಉರುಳಿಸಿಕೊಂಡು ಅಡುಗೆಮನೆಗೆ ಬಂದಾಗ ಗಿರಿಜೆ ಬಾಗಿಲಲ್ಲೇ ತಡೆದಳು.

“ಟೈರು! ಅಡುಗೆಮನೆ ಒಳಗೆ!”

“ತೊಳೆದಿದೀನಿ ಕಣೇ.”

ಆಗ ಅವಳ ಕಣ್ಣು ಕಟ್ಟೆಯ ಮೇಲಿದ್ದ ಕುಕ್ಕರಿನ ಮೇಲೆ ಬಿತ್ತು. ನಲ್ಲಿಯ ಮೇಲೆ ಬಿತ್ತು. ನಲ್ಲಿಯ ಬಾಯಲ್ಲಿದ್ದ ಕಾಫಿ ಫಿಲ್ಟರಿನ ಮೇಲೂ ಬಿತ್ತು. ಅವಳು ಕೂಗಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಕೂಗಲಿಲ್ಲ. ಹತ್ತಿರ ಬಂದು ನಲ್ಲಿಯ ಸುತ್ತ ಬೆರಳಾಡಿಸಿದಳು.

“ತೂತು ಕೊರೆಸಿದ್ರಾ?”

“ಆಮೇಲೆ ವೆಲ್ಡಿಂಗ್ ಮಾಡಿಸ್ಬೋದು...”

“ಅಮ್ಮನ ಕುಕ್ಕರ್ ಅಂದಿದ್ದೆ” ಎಂದಳು, ಅಷ್ಟೇ. ಒಳಕ್ಕೆ ಹೋಗುವ ಮೊದಲು ತಿರುಗಿ ನಿಂತು ಇನ್ನೊಂದು ಮಾತು ಹೇಳಿದಳು. “ನಾಳೆ ಗೆಲ್ಲಬೇಕು. ಇಷ್ಟು ಮಾಡಿ ಸೋತ್ರೆ ನಿಮ್ಮನ್ನ ವಿಚಾರಿಸ್ಕೋತೀನಿ.”

ಸ್ಟೌಟ್ ತುಂಬಿ, ಮುಚ್ಚಳ ಬಿಗಿದು, ಸ್ಟೆಪ್ನಿಗೂ ಕುಕ್ಕರಿಗೂ ಪೈಪ್ ಸಿಕ್ಕಿಸಿದೆ. ಬುಸ್ಸೆಂದು ನೈಟ್ರೋಜನ್ ಒಳಹೊಕ್ಕಿತು. ಅಹಾ, ವಿಜ್ಞಾನವೇ! ಆಗ ಮೇಲಿದ್ದ ವೆಯ್ಟು ಅಲುಗಾಡಿ ತನ್ನ ಕುಲಧರ್ಮವನ್ನು ಪಾಲಿಸಿತು.

ಕುಯ್ಯ್ಯ್!

ಒಲೆ ಹೊತ್ತಿಲ್ಲ, ಒಳಗೆ ಬೇಳೆಯಿಲ್ಲ, ಆದರೂ ವಿಸಿಲ್. ಕುಕ್ಕರಿಗೆ ಏನು ಗೊತ್ತು, ಒಳಗಿರುವುದು ಹಬೆಯೋ ನೈಟ್ರೋಜನ್ನೋ? ಒತ್ತಡ ಮಿತಿ ಮೀರಿದರೆ ಕೂಗುವುದು ಅದರ ಕೆಲಸ. ಎರಡನೆಯದು ಕೂಗಿತು. ಮೂರನೆಯದು ಕೂಗಿದ ಕೂಡಲೇ ರೂಮಿನಲ್ಲಿ ಬಟ್ಟೆ ಮಡಿಸುತ್ತಿದ್ದ ಗಿರಿಜೆ, ಕೋಪದ ನಡುವೆಯೂ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಕೂಗಿದಳು.

“ಮೂರಾಯ್ತು, ಆಫ್ ಮಾಡ್ರೀ!”

ಆಫ್ ಮಾಡುವುದು ಯಾವುದನ್ನು? ಹನ್ನೆರಡು ವಿಸಿಲ್ ಆಗುವಷ್ಟರಲ್ಲಿ ಸ್ಟೆಪ್ನಿ ಮೆತ್ತಗಾಗಿತ್ತು. ಕಾಂಪೌಂಡಿನಾಚೆಯಿಂದ ಸರೋಜಮ್ಮನವರ ತಲೆ ಮೂಡಿತು. “ಏನ್ ಗಿರಿಜಾ, ಹನ್ನೆರಡು ಕೂಗ್ತಲ್ಲ! ಏನ್ ಬೇಯಿಸ್ತಿದೀಯ, ಕಲ್ಲಾ?”

ನಲ್ಲಿ ತಿರುಗಿಸಿದರೆ ಸ್ಟೌಟ್ ಬಂತು. ನೊರೆ ಬರಲಿಲ್ಲ. ನನಗೆ ಬೇಕಾದ ಒತ್ತಡದ ಅರ್ಧದಲ್ಲೇ ವಿಸಿಲ್ ಎಲ್ಲವನ್ನೂ ಹೊರಗೆ ಬಿಡುತ್ತಿತ್ತು. ಕಾರಣ ಗೊತ್ತಾದ ಮೇಲೆ ಪರಿಹಾರವೇನು ಕಷ್ಟ? ವಿಸಿಲನ್ನು ಕೂಗಲು ಬಿಡಬಾರದು, ಅಷ್ಟೆ. ನೆಮ್ಮದಿಯಾಗಿ ಮಲಗಿದೆ. ಅಂಥ ನಿದ್ದೆ ಮೂರ್ಖರಿಗೆ ಮಾತ್ರ ಬರುತ್ತದೆ.

ಭಾನುವಾರ ಹನ್ನೊಂದಕ್ಕೆ ನಂಜುಂಡಪ್ಪನವರ ಹೊಸ ಕಾರು ನಮ್ಮ ಕಾರಿನ ಹಿಂದೆ ಬಂದು ನಿಂತಿತು. ಅವರು ಇಳಿದರು. ರೇಷ್ಮೆ ಸೀರೆಯ ಸುಮಿತ್ರಕ್ಕ ಇಳಿದರು. ಹಿಂದಿನ ಸೀಟಿನಿಂದ ಹೊಸ ಬಿಳೀ ಪಂಚೆ, ಬಿಳೀ ಜುಬ್ಬ, ಮೂರು ಬೆರಳಿನ ವಿಭೂತಿ. ನಮ್ಮ ಮಾವನವರು!

“ಚೇಳೂರು ಬಸ್ಸಲ್ಲಿ ಬಂದಿದ್ರು, ಸ್ಟ್ಯಾಂಡಿಂದ ಕರ್ಕಂಬಂದೆ. ತೀರ್ಪು ಕೊಡಾಕೆ ಒಬ್ರು ದೊಡ್ಡೋರು ಬೇಕಲ್ಲ ಮೇಷ್ಟ್ರೇ” ಎಂದು ನಂಜುಂಡಪ್ಪನವರು ಕಣ್ಣು ಮಿಟುಕಿಸಿದರು.

ಬೀಡಿಯನ್ನೂ ಮುಟ್ಟದ ಮನುಷ್ಯ ನಮ್ಮ ಮಾವ. ಅವರನ್ನು ಹಾಲಿನ ಸೋಫಾದಲ್ಲಿ ಕೂರಿಸಿದೆವು. ಎದುರಿಗೆ ಟೀಪಾಯಿಯ ಮೇಲೆ ಕುಕ್ಕರ್ ವಿರಾಜಮಾನವಾಗಿತ್ತು. ಮಾವ ಕನ್ನಡಕ ಸರಿಮಾಡಿಕೊಂಡರು.

“ಇದು ನಮ್ಮನೆಯೋಳು ಕೊಟ್ಟಿದ್ ಕುಕ್ಕರ್ ಅಲ್ವೇ? ಇದುಕ್ಕೆ ನಲ್ಲಿ ಯಾವಾಗ್ ಬಂತು ಅಳೀಮಯ್ಯ?”

“ಅಪ್‌ಡೇಟ್ ಮಾಡಿಸ್ದೆ ಮಾವ” ಎಂದೆ. ಗಿರಿಜೆ ಕಡ್ಲೇಬೀಜದ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಪೋರ್ಟಿಕೋದಲ್ಲಿದ್ದ ನನ್ನ ಕಾರಿನ ಮುಂದಿನ ಚಕ್ರದಿಂದ ಕಿಟಕಿಯ ಮೂಲಕ ಹಾಲಿಗೆ ಪೈಪ್ ಎಳೆದೆ. ಮೊದಲಿಗೆ ವಿಸಿಲನ್ನು ಕೈಯಿಂದ ಅದುಮಿ ಹಿಡಿದು ನೋಡಿದೆ. ಬೆರಳ ಸಂದಿಯಿಂದಲೇ ಸೋರಿ ಒಂದು ಚಕ್ರ ಖಾಲಿಯಾಯಿತು. ಬಟ್ಟೆ ಸುತ್ತಿ ಹಿಡಿದೆ. ಇನ್ನೆರಡು ಖಾಲಿಯಾದವು. ಆದರೂ ಹಟ ಬಿಡದೆ ಒಂದು ಗ್ಲಾಸು ಬಗ್ಗಿಸಿ ನಂಜುಂಡಪ್ಪನವರ ಕೈಗಿತ್ತೆ. ಅವರು ಕಡ್ಲೇಬೀಜದ ಬೇಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು, ಅಕ್ಷತೆ ಹಾಕುವಂತೆ ಭಕ್ತಿಯಿಂದ ಗ್ಲಾಸಿನೊಳಗೆ ಬಿಟ್ಟರು.

ಬುಳುಕ್.

“ಹೋಯ್ತು” ಎಂದರು ಮಾವ.

ನಂಜುಂಡಪ್ಪನವರು ಒಂದು ಗುಟುಕು ಕುಡಿದು, ಬಾಯಲ್ಲೇ ಆಡಿಸಿ, ನಿಧಾನವಾಗಿ ಕೇಳಿದರು. “ಇದು ಯಾವ್ ಕಂಪ್ನಿ ಟೈರು ಮೇಷ್ಟ್ರೇ?”

ಸುಮಿತ್ರಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಿರಿಜೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಕಂಡ ಯಾವ ಗಂಡನೂ ಸೋಲೊಪ್ಪಿಕೊಳ್ಳಲಾರ. ಸೀದಾ ಹಿತ್ತಿಲಿಗೆ ಹೋದೆ. ಒರಳಲ್ಲಿದ್ದ ರುಬ್ಬುಗುಂಡನ್ನು ಎತ್ತಿಕೊಂಡು ಬಂದು, ಕೆಳಗೆ ಟವೆಲಿಟ್ಟು, ವಿಸಿಲಿನ ಮೇಲೆ ಪ್ರತಿಷ್ಠಾಪಿಸಿದೆ. ವಿಸಿಲಿನ ಬಾಯಿ ಬಂದ್!

ನಾಲ್ಕನೆಯ ಚಕ್ರವೂ ಒಳಗೆ ಹೋಯಿತು. ಹೊರಗೆ ನನ್ನ ಕಾರು ನಾಲ್ಕೂ ಮಂಡಿಯೂರಿ ಕೂತಿತು. ಗ್ಲಾಸಿಗೆ ಬಗ್ಗಿಸಿದೆ. ನೊರೆ! ಸ್ವಾಮಿ, ನೊರೆ! ತೆಳ್ಳಗಾದರೂ ನೊರೆಯೇ. ಒಳಗೆ ಗುಳ್ಳೆಗಳು ಗಾಜಿಗಂಟಿಕೊಂಡು ಕೆಳಗಿಳಿಯುತ್ತಿದ್ದವು.

“ಕೆಳೀಕ್ ಹೋಯ್ತಾ ಅವೆ!” ನಂಜುಂಡಪ್ಪನವರು ಎದ್ದು ನಿಂತುಬಿಟ್ಟರು. ಎದುರಾಳಿಯೆಂಬುದನ್ನೇ ಮರೆತು ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. “ಇನ್ನೊಂಚೂರ್ ಪ್ರೆಶರ್ ಸಾಕು ಮೇಷ್ಟ್ರೇ! ನನ್ ಕಾರಿಗೂ ನೈಟ್ರೋಜನ್ನೇ ಹೊಡ್ಸಿರೋದು, ಜಾಸ್ತೀನೇ ಐತೆ. ತಗಳ್ಳಿ, ಮುಂದಿನ್ ಎರಡೂ ಚಕ್ರ ತಗಳ್ಳಿ!”

“ರೀ, ಹೊಸಾ ಕಾರು!” ಎಂದರು ಸುಮಿತ್ರಕ್ಕ. ಯಾರು ಕೇಳುತ್ತಾರೆ? ನಂಜುಂಡಪ್ಪನವರೇ ಓಡಿಹೋಗಿ ಪೈಪ್ ಸಿಕ್ಕಿಸಿದರು. ಒಂದು ಚಕ್ರ ಆಯಿತು. ಎರಡನೆಯದು ಅರ್ಧ ಆಗುವ ಹೊತ್ತಿಗೆ ಕುಕ್ಕರಿನ ಮುಚ್ಚಳದ ಸುತ್ತ ಸಣ್ಣಗೆ ಸದ್ದು ಶುರುವಾಯಿತು.

“ಅಳೀಮಯ್ಯ, ಅದು ಬುಸ್ ಅಂತೈತೆ” ಎಂದರು ಮಾವ.

“ಹೆದರ್ಬೇಡಿ ಮಾವ. ನೈಟ್ರೋಜನ್ ಜಡ ಅನಿಲ, ಅದು ಯಾರಿಗೂ ಏನೂ...”

ಢಮಾರ್!

ಆ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ. ಮುಚ್ಚಳ ಗಟ್ಟಿಯಾಗಿ ನಿಂತಿತು. ಮರಳೂರಿನ ನಲ್ಲಿ ನಿಲ್ಲಲಿಲ್ಲ. ಅದು ಕಾಫಿ ಫಿಲ್ಟರಿನ ಸಮೇತ ಹಾರಿ ಸೋಫಾದ ಕೆಳಗೆ ಸೇರಿತು, ಅದು ಬಿಟ್ಟುಹೋದ ತೂತಿನಿಂದ ಹತ್ತು ಲೀಟರ್ ಸ್ಟೌಟ್ ತೋಳಿನಷ್ಟು ದಪ್ಪ ಧಾರೆಯಾಗಿ ನೇರವಾಗಿ ಎದುರಿಗೆ ನುಗ್ಗಿತು. ಎದುರಿಗೆ ಮಾವ! ನಾನು ಕೈ ಅಡ್ಡ ಹಿಡಿದೆ, ಧಾರೆ ಸೀಳಿಕೊಂಡು ಎರಡಾಗಿ ಸುಮಿತ್ರಕ್ಕನ ರೇಷ್ಮೆಗೂ ಸಮಪಾಲು ಸಂದಿತು. ರುಬ್ಬುಗುಂಡು ಉರುಳಿ ನೆಲದ ಟೈಲ್ಸ್ ಒಂದನ್ನು ಸೀಳಿ ವಿಶ್ರಾಂತಿ ಪಡೆಯಿತು.

ಮೇಲಿನ ಭಾರ ಇಳಿದ ಖುಷಿಗೆ ಕುಕ್ಕರ್ ಕೊನೆಯುಸಿರಿನಲ್ಲಿ ಮೂರು ಪುಟ್ಟ ವಿಸಿಲ್ ಹೊಡೆಯಿತು. ಕುಯ್. ಕುಯ್. ಕುಯ್.

“ಮೂರಾಯ್ತು, ಇಳಿಸ್ಬುಡಿ” ಎಂದರು ಮಾವ, ಕೂತಲ್ಲಿಂದಲೇ.

ಅವರ ಕಡೆ ನೋಡುವ ಧೈರ್ಯ ಬರಲು ಸ್ವಲ್ಪ ಸಮಯ ಹಿಡಿಯಿತು. ಹಣೆಯ ವಿಭೂತಿ ಒಂದು ಬಿಟ್ಟು ಮಿಕ್ಕೆಲ್ಲ ಕಪ್ಪು. ಜುಬ್ಬದಿಂದ ನೊರೆ ಇಳಿಯುತ್ತಿತ್ತು. ಕೆಳಮುಖವಾಗಿಯೇ ಇಳಿಯುತ್ತಿತ್ತು, ಐರ್ಲೆಂಡಿನಂತೆಯೇ! ಅವರು ಮೀಸೆಯ ಮೇಲಿನದನ್ನು ನಾಲಿಗೆಯಿಂದ ಸವರಿ ನೋಡಿದರು.

“ಮಾವ, ಇದು... ರಾಗಿ ಪಾನಕ...” ಎಂದು ತೊದಲಿದೆ.

“ನಾನೂ ತೆಂಗಿನ್ ತೋಟದೋನೇ ಕಣಪ್ಪ. ಹುಳಿ ಬಂದಿದ್ ಪಾನಕದ್ ವಾಸ್ನೆ ನಂಗ್ ಗೊತ್ತಾಗಲ್ವಾ?” ಎಂದರು. “ಕುಡ್ದಿಲ್ಲ, ಅಷ್ಟೇಯ. ಇವತ್ತು ಸ್ನಾನ ಮಾಡಿಸ್ಬುಟ್ರಿ.”

ಭೂಮಿ ಬಾಯಿಬಿಡಲಿ ಅಂದುಕೊಂಡೆ. ಬಿಟ್ಟದ್ದು ಟೈಲ್ಸ್ ಒಂದೇ. ಗಿರಿಜೆ ಯಾರನ್ನೂ ನೋಡದೆ ಕುಕ್ಕರಿನ ಮುಂದೆ ಕೂತು ಆ ತೂತಿನೊಳಗೆ ಬೆರಳು ತೂರಿಸಿ ನೋಡುತ್ತಿದ್ದಳು. ಅವಳ ಕಣ್ಣು ತುಂಬಿಕೊಂಡಿತ್ತು. “ಅಮ್ಮ ಇದ್ದಿದ್ರೆ...” ಎಂದಳು. ನನಗೆ ಅಲ್ಲಿಯವರೆಗೆ ಆದದ್ದು ನಾಚಿಕೆ. ಆಗ ಆದದ್ದು ದುಃಖ. ನನ್ನ ಜಂಭಕ್ಕೆ ಕೊರೆಸಬೇಕಿದ್ದ ತೂತನ್ನು ನಾನು ಅವಳ ಅಮ್ಮನ ಪಾತ್ರೆಗೆ ಕೊರೆಸಿದ್ದೆ.

“ನಿಮ್ಮಮ್ಮ ಇದ್ದಿದ್ರೆ ಬಿದ್ದು ಬಿದ್ದು ನಗೋಳು ಕಣವ್ವ” ಎಂದರು ಮಾವ. “ಎದ್ದೇಳು. ತೂತ್ ತಾನೆ, ಮುಚ್ಚಿಸ್ಬೋದು. ಈ ಕಹಿ ನಾಲ್ಗೆಗೆ ಒಂದ್ ಲೋಟ ಕಾಫಿ ಕೊಡು.”

ಗಿರಿಜೆ ಕಣ್ಣೊರೆಸಿಕೊಂಡು ಎದ್ದಳು. ಅಡುಗೆಮನೆಯಿಂದ ದನಿ ಬಂತು. “ಆ ಫಿಲ್ಟರ್ ತಳ ಎಲ್ಲಿ ಹೋಗಿ ಬಿತ್ರೀ?” “ಸೋಫಾದ ಕೆಳಗೆ” ಎಂದೆ. ಅವಳು ಕಾಫಿಪುಡಿಯನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದಳು.

ಯಾರೂ ಎದ್ದು ಹೋಗುವಂತಿರಲಿಲ್ಲ. ಬಂದ ಕಾರು, ಇದ್ದ ಕಾರು, ಎರಡೂ ನೆಲ ಹಿಡಿದಿದ್ದವು. ಮಾವ ನನ್ನ ಲುಂಗಿಯುಟ್ಟು ಕೂತರು, ಸುಮಿತ್ರಕ್ಕ ಗಿರಿಜೆಯ ನೈಟಿಯಲ್ಲಿ ಕೂತರು. ಕಾಫಿ ಬಂತು. ಚೊಂಬಿನಿಂದ ಲೋಟಕ್ಕೆ ಮೊಳದೆತ್ತರದಿಂದ ಎತ್ತಿ ಹೊಯ್ದ, ಅಂಚು ಮೀರಿ ನಿಂತ ನೊರೆಯ ಕಾಫಿ. ಮಾವ ಲೋಟವನ್ನೇ ನೋಡಿದರು. ತಟ್ಟೆಯಿಂದ ಒಂದು ಕಡ್ಲೇಬೀಜದ ಬೇಳೆ ತೆಗೆದು ನೊರೆಯ ಮೇಲಿಟ್ಟರು.

ನಿಂತಿತು!

ಎಲ್ಲರೂ ಬಗ್ಗಿ ನೋಡಿದೆವು. ಮಾವ ಲೋಟವನ್ನು ಒಮ್ಮೆ ಅಲ್ಲಾಡಿಸಿಯೂ ನೋಡಿದರು. ಬೇಳೆ ಜಪ್ಪಯ್ಯ ಅನ್ನಲಿಲ್ಲ.

“ಇದುಕ್ ಯಾವ್ ಗ್ಯಾಸ್ ಹಾಕ್ದೆ ಮಗ?”

“ಏನೂ ಇಲ್ಲ ಅಪ್ಪಾ. ಎತ್ತಿ ಹೊಯ್ದೆ, ಅಷ್ಟೆ” ಎಂದಳು ಗಿರಿಜೆ. ಹೇಳುತ್ತಿದ್ದಂತೆಯೇ ಅವಳ ಮುಖ ಬದಲಾಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ನಂಜುಂಡಪ್ಪನವರ ಎದುರು ನಿಂತಳು. “ಭಾವ, ಪಂದ್ಯ ಏನಂತ ಕಟ್ಟಿದ್ರಿ? ನಮ್ಮನೇಲಿ ಅಂಥಾ ನೊರೆ ಬರ್ಬೇಕು, ಮೇಲೆ ಬೇಳೆ ನಿಲ್ಬೇಕು, ತಾನೆ? ಬಂತು. ನಿಂತಿದೆ. ನೋಡ್ಕೊಳ್ಳಿ.”

ನಂಜುಂಡಪ್ಪನವರು ನನ್ನ ಮುಖ ನೋಡಿದರು, ಕಿಟಕಿಯಾಚೆ ತಮ್ಮ ಕಾರಿನ ಮುಖ ನೋಡಿದರು, ಮಾವನ ಲೋಟ ನೋಡಿದರು. “ನೀನೇ ಗೆದ್ದೆ ಕಣಮ್ಮ” ಎಂದು ಕೈಮುಗಿದರು. ತೀರ್ಪುಗಾರರು ತಲೆಯಾಡಿಸಿ, ಬೇಳೆಯನ್ನು ಬಾಯಿಗೆ ಹಾಕಿಕೊಂಡು ಸಾಕ್ಷ್ಯವನ್ನು ನಾಶಪಡಿಸಿದರು.

ಸಂಜೆ ಬಾಬು ಪಂಪು ಹೊತ್ತು ತಂದು ಎಲ್ಲ ಚಕ್ರಗಳಿಗೂ ಮಾಮೂಲಿ ಗಾಳಿ ಹೊಡೆದ. “ಪ್ರಯೋಗ ಪಾಸಾಯ್ತಾ ಸಾರ್?” ಎಂದು ಕೇಳಿದ. ನಾನು ಮಾಡಿದ್ದು ಫೇಲು, ಮನೆಯವರು ಪಾಸು ಎಂದೆ.

ಕುಕ್ಕರಿನ ತೂತನ್ನು ಮುಚ್ಚಿಸಿ ತರುತ್ತೇನೆಂದರೆ ಗಿರಿಜೆ ಬೇಡ ಎಂದಳು. ಅದಕ್ಕೊಂದು ಒಳ್ಳೆಯ ನಲ್ಲಿ ಹಾಕಿಸಿ, ಮುಚ್ಚಳವನ್ನು ಮಾತ್ರ ನನ್ನ ಕೈಗೆ ಸಿಗದ ಕಡೆ ಇಟ್ಟಳು. ಈಗ ನೆಂಟರ ಮನೆಯ ಕಾರ್ಯಗಳಿಗೆಲ್ಲ ಅದು ಮಜ್ಜಿಗೆಯ ಪಾತ್ರೆ. “ಅಮ್ಮ ಬಡಿಸ್ದಂಗೇ ಆಗುತ್ತೆ” ಎನ್ನುತ್ತಾಳೆ. ನಲ್ಲಿ ತಿರುಗಿಸುವ ಕೆಲಸ ನನ್ನದು.

ನಂಜುಂಡಪ್ಪನವರೂ ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಐರ್ಲೆಂಡ್ ಎಂಬ ಶಬ್ದ ಅವರ ಬಾಯಿಂದ ಬಂದಿಲ್ಲ. ಪಂದ್ಯ ಗೆದ್ದ ಮನೆಯವನೆಂಬ ಹೆಮ್ಮೆಯಿಂದಲೇ ಹೋದ ವಾರ ಕುಣಿಗಲ್‌ನಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಮಜ್ಜಿಗೆ ಪಾತ್ರೆಯ ಹಿಂದೆ ನಿಂತಿದ್ದೆ. ಆಚೆ ಶಾಮಿಯಾನದಡಿ ಮೂವತ್ತು ನಲವತ್ತು ಜನ ಷಡ್ಡಕರನ್ನು ಸುತ್ತುವರಿದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “...ಆಗ್ ನಮ್ ಮೇಷ್ಟ್ರು ಏನಂದ್ರು ಗೊತ್ತಾ? ‘ಹೆದರ್ಬೇಡಿ ಮಾವ, ಜಡ ಅನಿಲ’ ಅಂದ್ರು! ಅನ್ನೋದೇ ತಡ...”

ಐರ್ಲೆಂಡಿನ ಕತೆಯನ್ನು ಯಾರೂ ಎರಡನೇ ಸಲ ಹೇಳಿಸುತ್ತಿರಲಿಲ್ಲ. ಇದನ್ನು “ಇನ್ನೊಂದ್ಸಲ, ಇನ್ನೊಂದ್ಸಲ” ಎಂದು ಹೇಳಿಸುತ್ತಿದ್ದಾರೆ. ಕತೆ ಮುಗಿದದ್ದೇ ಸುಮಿತ್ರಕ್ಕ ನಾಲ್ಕು ಹೆಂಗಸರನ್ನು ಕರೆದುಕೊಂಡು ನನ್ನ ಕಡೆಗೇ ಬಂದರು. ಮಜ್ಜಿಗೆಗಲ್ಲ. ನನ್ನ ಮುಂದೆ ನಿಲ್ಲಿಸಿ, ಬೆರಳು ತೋರಿಸಿ, ಹಿಂದೆ ಫ್ರಿಜ್ ಮ್ಯಾಗ್ನೆಟ್ ತೋರಿಸುವಾಗ ಬರುತ್ತಿದ್ದ ಅದೇ ಧ್ವನಿಯಲ್ಲಿ ಹೇಳಿದರು.

“ಇವ್ರೇ ಅವ್ರು.”